ಚಪ್ಪಲಿ ಜೋಡಿಗೆ ಸಿಗದ ಎರಡನೇ ಬಿಟ್

ಪ್ರಶ್ನೆ: ಸರ್, ಒಂದು ಕ್ಯೂಬಿಟ್‌ನಿಂದ ಒಂದು ಬಿಟ್‌ಗಿಂತ ಜಾಸ್ತಿ ಮಾಹಿತಿ ತೆಗೆಯಲಾಗದು ಎಂದು ನಮ್ಮ ಪುಸ್ತಕದಲ್ಲಿದೆ. ಮುಂದಿನ ಪುಟದಲ್ಲೇ, ಸೂಪರ್‌ಡೆನ್ಸ್ ಕೋಡಿಂಗ್‌ನಲ್ಲಿ ಒಂದು ಕ್ಯೂಬಿಟ್ ಕಳಿಸಿ ಎರಡು ಬಿಟ್ ತಲುಪಿಸಬಹುದು ಎಂದಿದೆ. ಯಾವುದು ನಿಜ?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬಿಟ್ ಎಂದರೆ ಸೊನ್ನೆಯೋ ಒಂದೋ ಎಂದು ಹೇಳುವ ಮಾಹಿತಿಯ ಸಣ್ಣ ತುಣುಕು. ಕ್ಯೂಬಿಟ್ ಎಂದರೆ ಅಂಥ ಮಾಹಿತಿ ಹೊರುವ ಕ್ವಾಂಟಮ್ ಕಣ, ಇಲ್ಲಿ ಬೆಳಕಿನ ಕಣವಾದ ಫೋಟಾನ್. ನಿಮ್ಮ ಪುಸ್ತಕದ ಎರಡೂ ಮಾತು ನಿಜ. ಮೊದಲನೆಯದು 1973ರಲ್ಲಿ ಗಣಿತಜ್ಞ ಹೊಲೆವೊ ತೋರಿಸಿಕೊಟ್ಟ ಮಿತಿ. ಅದು ಒಂಟಿ ಕ್ಯೂಬಿಟ್‌ನ ಮಾತು. ಎರಡನೆಯದು 1992ರಲ್ಲಿ ಚಾರ್ಲ್ಸ್ ಬೆನೆಟ್ ಮತ್ತು ಸ್ಟೀಫನ್ ವೀಸ್ನರ್ ಪ್ರಕಟಿಸಿದ ಉಪಾಯ. ಅದು ಜೋಡಿಯ ಮಾತು.

ನಿಮ್ಮ ಗೊಂದಲದಲ್ಲಿ ನನ್ನಂಥ ಮೇಷ್ಟರುಗಳ ಪಾಲೂ ಇದೆ. ಪಿಯು ಕಾಲೇಜಿನಲ್ಲಿ 31 ವರ್ಷ ಪಾಠ ಮಾಡಿದವನು ನಾನು. ಎಂಟ್ಯಾಂಗಲ್‌ಮೆಂಟ್, ಅಂದರೆ ಎರಡು ಕಣಗಳು ಹೆಣೆದುಕೊಂಡಿರುವುದರ ಬಗ್ಗೆ ಯಾರಾದರೂ ಕೇಳಿದರೆ ಚಪ್ಪಲಿ ಕಥೆ ಹೇಳಿ ಮುಗಿಸುತ್ತಿದ್ದೆ. ಒಂದು ಚಪ್ಪಲಿ ಮೈಸೂರಿಗೆ, ಇನ್ನೊಂದು ಬೆಳಗಾವಿಗೆ. ಮೈಸೂರಿನ ಡಬ್ಬದಲ್ಲಿ ಎಡಗಾಲಿನದು ಕಂಡರೆ ಬೆಳಗಾವಿಯದು ಬಲಗಾಲಿನದು. ಮಕ್ಕಳು ತಲೆಯಾಡಿಸುತ್ತಿದ್ದರು, ನಾನು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಚಪ್ಪಲಿಗಳಿಗೆ ಇರುವುದು ಒಂದೇ ನಂಟು, ಎಡ-ಬಲದ್ದು. ಫೋಟಾನ್ ಜೋಡಿಗೆ ಹಾಗಲ್ಲ.

ಕೆಟ್ಟ ಕ್ಯಾಲ್ಕುಲೇಟರ್‌ನಿಂದ ಕಿತ್ತ ಪೋಲರಾಯ್ಡ್ ಹಾಳೆಯ ಎರಡು ಚೂರು ಇವತ್ತಿಗೂ ನನ್ನ ಮೇಜಿನ ಡ್ರಾಯರ್‌ನಲ್ಲಿವೆ. ಒಂದರ ಮೇಲೊಂದಿಟ್ಟು ತಿರುಗಿಸಿದರೆ ಒಂದು ಕೋನದಲ್ಲಿ ಬೆಳಕು ದಾಟುತ್ತದೆ, ಇನ್ನೊಂದರಲ್ಲಿ ಕತ್ತಲು. ಬೆಳಕಿನ ಈ ವಾಲಿಕೆಯ ಬಗ್ಗೆ ಫೋಟಾನ್‌ಗೆ ಎರಡು ಬಗೆಯಲ್ಲಿ ಪ್ರಶ್ನೆ ಕೇಳಬಹುದು. ನೀನು ನೆಟ್ಟಗಿದ್ದೀಯಾ, ಅಡ್ಡ ಇದ್ದೀಯಾ? ಇಲ್ಲವೇ, ಎಡಕ್ಕೆ ಓರೆಯಾ, ಬಲಕ್ಕೆ ಓರೆಯಾ? ಒಂದನ್ನು ಕೇಳಿದರೆ ಇನ್ನೊಂದರ ಉತ್ತರ ಅಳಿಸಿಹೋಗುತ್ತದೆ. ಒಂಟಿ ಫೋಟಾನ್‌ನ ಬಡತನ ಇದೇ.

ಈಗ ಹೆಣೆದುಕೊಂಡ ಜೋಡಿ ತೆಗೆದುಕೊಳ್ಳಿ. ಒಂದು ಮೈಸೂರಿನ ಅಕ್ಕನ ಹತ್ತಿರ, ಇನ್ನೊಂದು ಬೆಳಗಾವಿಯ ತಂಗಿಯ ಹತ್ತಿರ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಬರೀ ಚೀಟಿ ಎತ್ತಿದ ಹಾಗೆ, ಏನು ಬೇಕಾದರೂ ಬರಬಹುದು. ಆದರೆ ಇಬ್ಬರೂ ನೆಟ್ಟಗೆ-ಅಡ್ಡದ ಪ್ರಶ್ನೆ ಕೇಳಿದರೆ ಇಬ್ಬರಿಗೂ ಒಂದೇ ಉತ್ತರ. ಇಬ್ಬರೂ ಓರೆಯ ಪ್ರಶ್ನೆ ಕೇಳಿದರೂ ಒಂದೇ ಉತ್ತರ. ಎರಡು ನಂಟು! ಅಕ್ಕ ತನ್ನ ಫೋಟಾನ್ ಒಂದನ್ನೇ ಮುಟ್ಟಿ ಇವೆರಡನ್ನೂ ಬೇಕಾದ ಹಾಗೆ ಬದಲಿಸಬಹುದು. ಹರಳಿನ ತೆಳು ಬಿಲ್ಲೆಯೊಂದನ್ನು 45 ಡಿಗ್ರಿ ಓರೆಯಾಗಿಟ್ಟು ದಾಟಿಸಿದರೆ ನೆಟ್ಟಗೆ-ಅಡ್ಡದ ನಂಟು ತಲೆಕೆಳಗು. ಅದೇ ಬಿಲ್ಲೆಯನ್ನು ನೇರವಾಗಿಟ್ಟರೆ ಓರೆಯ ನಂಟು ತಲೆಕೆಳಗು. ಎರಡೂ ಮಾಡಬಹುದು, ಸುಮ್ನೆ ಬಿಡಬಹುದು. ಒಟ್ಟು ನಾಲ್ಕು ದಾರಿ, ಅಂದರೆ ಎರಡು ಬಿಟ್.

ಆಮೇಲೆ ಅಕ್ಕ ಆ ಫೋಟಾನನ್ನು ತಂಗಿಗೆ ಕಳಿಸುತ್ತಾಳೆ. ತಂಗಿ ಎರಡನ್ನೂ ಒಟ್ಟಿಗೆ ಕೂರಿಸಿ, "ನಿಮ್ಮಿಬ್ಬರಿಗೂ ಹೊಂದುತ್ತಾ?" ಎಂದಷ್ಟೇ ಕೇಳಬೇಕು. ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದರೆ ಕೆಟ್ಟಿತು. ಗಂಡ-ಹೆಂಡತಿ ಜಗಳ ಬಿಡಿಸುವವರಿಗೂ ಇದು ಗೊತ್ತಿರುತ್ತದೆ, ಅಲ್ವಾ?

ಹಾಗಾದರೆ ಪುಕ್ಕಟೆಯಾಗಿ ಒಂದು ಬಿಟ್ ಸಿಕ್ಕಿತೇ? ಇಲ್ಲ. ಲೆಕ್ಕ ಹಾಕಿ: ತಂಗಿಯ ಕೈಗೆ ಬಂದ ಫೋಟಾನ್ ಎರಡು, ಬಿಟ್ ಎರಡು. ಮಜಾ ಇರುವುದು ಮೊದಲನೆಯದು ಯಾವಾಗ ಹೋಯಿತು ಎಂಬುದರಲ್ಲಿ. ಏನು ಹೇಳಬೇಕೆಂದು ಅಕ್ಕನಿಗೇ ಗೊತ್ತಿಲ್ಲದಾಗ ಅದು ಬೆಳಗಾವಿ ಸೇರಿತ್ತು. ಚಪ್ಪಲಿಯನ್ನು ಎಷ್ಟೇ ಮುಂಚೆ ಕಳಿಸಿಟ್ಟರೂ ಈ ಲಾಭವಿಲ್ಲ. ಆಮೇಲೆ ಕಳಿಸುವ ಒಂದು ಚಪ್ಪಲಿ ಹೇಳುವುದು ಎಡ ಅಥವಾ ಬಲ, ಅಷ್ಟೇ. ದಾರಿಯಲ್ಲಿ ಯಾರಾದರೂ ಅಕ್ಕನ ಫೋಟಾನ್ ಕದ್ದರೆ ಅವರಿಗೂ ಏನೂ ಸಿಗದು. ಸುದ್ದಿ ಇರುವುದು ನಂಟಿನಲ್ಲಿ, ಅದರ ಇನ್ನೊಂದು ತುದಿ ತಂಗಿಯ ಹತ್ತಿರ ಇದೆ.

ಇದನ್ನು ಮೊದಲು ಮಾಡಿ ತೋರಿಸಿದ್ದು 1996ರಲ್ಲಿ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ. ಆ ತಂಡದಲ್ಲಿದ್ದ ಆಂಟನ್ ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು. ಅವರು ಕಳಿಸಿದ್ದು ಮೂರೇ ಅಕ್ಷರ: ಕೆ, ಎಂ, ಜೊತೆಗೊಂದು ಚಿಹ್ನೆ. ಮಾಮೂಲಿ ಲೆಕ್ಕದಲ್ಲಿ ಅಕ್ಷರಕ್ಕೆ ಎಂಟರಂತೆ 24 ಬಿಟ್ ಬೇಕು, ಅವರು ಅಕ್ಷರಕ್ಕೆ ಐದರಂತೆ 15 ಸಂಕೇತಗಳಲ್ಲಿ ಮುಗಿಸಿದರು. ಒಂದಕ್ಕೆ ಎರಡು ಬಿಟ್‌ನಂತೆ 12ರಲ್ಲಿ ಆಗಬೇಕಿತ್ತಲ್ಲ ಎಂದು ನೀವು ಕೇಳುತ್ತೀರಿ. ಬರೀ ಕನ್ನಡಿ, ಬಿಲ್ಲೆ, ಬೆಳಕು ಸೀಳುವ ಗಾಜು ಇಟ್ಟುಕೊಂಡರೆ ನಾಲ್ಕು ನಂಟುಗಳಲ್ಲಿ ಎರಡು ಒಂದೇ ಥರ ಕಾಣುತ್ತವೆ. ಹಾಗಾಗಿ ಗುರುತಿಸಲು ಆಗಿದ್ದು ಮೂರೇ, ಲೆಕ್ಕದಲ್ಲಿ ಕಳಿಸಿದ ಫೋಟಾನ್ ಒಂದಕ್ಕೆ ಹೆಚ್ಚೆಂದರೆ 1.58 ಬಿಟ್. 2008ರಲ್ಲಿ ಅಮೆರಿಕದ ಇಲಿನಾಯ್‌ನ ಪಾಲ್ ಕ್ವಿಯಟ್ ತಂಡ ಫೋಟಾನ್‌ಗಳನ್ನು ಇನ್ನೊಂದು ಗುಣದಲ್ಲೂ ಹೆಣೆದು 1.63ಕ್ಕೆ ಮುಟ್ಟಿಸಿತು. ಇಷ್ಟು ಸಣ್ಣ ಏರಿಕೆಗೆ ಹನ್ನೆರಡು ವರ್ಷ! ನನಗಂತೂ ಈ 0.05 ಬಹಳ ಇಷ್ಟ.

ಪ್ರಶ್ನೆ: ಈ ಸೂಪರ್‌ಡೆನ್ಸ್ ಕೋಡಿಂಗ್ ಬಂದರೆ ಬೆಳಕಿಗಿಂತ ವೇಗವಾಗಿ ಸಂದೇಶ ಹೋಗುತ್ತದೆಯೇ? ಮೊಬೈಲ್ ಡೇಟಾ ಅಗ್ಗವಾಗುತ್ತದೆಯೇ?
– ಮೊಬೈಲ್ ರಿಪೇರಿ ಅಂಗಡಿಯವರು, ಕುಂದಾಪುರ

ಉತ್ತರ: ಎರಡಕ್ಕೂ ಇಲ್ಲ. ಅಕ್ಕನ ಫೋಟಾನ್ ತಲುಪುವ ತನಕ ತಂಗಿಯ ಹತ್ತಿರ ಇರುವುದು ಬರೀ ಚೀಟಿ ಎತ್ತಾಟ. ತಲುಪಬೇಕಾದರೆ ಅದೂ ಬೆಳಕಿನ ವೇಗದಲ್ಲೇ ಬರಬೇಕು.

ಡೇಟಾ ವಿಷಯಕ್ಕೆ ಬಂದರೆ, ಒಳ್ಳೆಯ ಫೈಬರ್‌ನಲ್ಲೂ ಸುಮಾರು 15 ಕಿಲೋಮೀಟರ್‌ಗೆ ಅರ್ಧದಷ್ಟು ಫೋಟಾನ್ ಕಳೆದುಹೋಗುತ್ತವೆ. ಈಗಿನ ಫೈಬರ್‌ನಲ್ಲಿ ಒಂದೊಂದು ಮಿಡಿತಕ್ಕೂ ರಾಶಿ ರಾಶಿ ಫೋಟಾನ್ ಇರುತ್ತವೆ, ಕಳೆದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಇರುವುದೇ ಒಂದು. ಸಾಲದ್ದಕ್ಕೆ ಮೊದಲೇ ಬಂದ ಫೋಟಾನನ್ನು ತಂಗಿ ಕೆಡದ ಹಾಗೆ ಕಾಪಾಡಿ ಇಟ್ಟುಕೊಳ್ಳಬೇಕು. ಬೆಳಕನ್ನು ಹಾಗೆ ಕೂಡಿಡುವುದು ಪ್ರಯೋಗಾಲಯದಲ್ಲೂ ಸುಲಭವಲ್ಲ. ನಿಮ್ಮ ಗಿರಾಕಿಗಳಿಗೆ ರೀಚಾರ್ಜ್ ಮಾಡಿಕೊಡುವ ಕೆಲಸ ಸದ್ಯಕ್ಕೆ ತಪ್ಪದು.