ಹವಳಕ್ಕೆ ತಾಗದಂತೆ ತೇಲುವುದು ಹೇಗೆ?

ಪ್ರಶ್ನೆ: ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಕೋರ್ಸ್ ಮುಗಿಸಿದ್ದೇನೆ. ಇದೇ ಮೊದಲ ಬಾರಿ ಹವಳದ ದಿಬ್ಬದಲ್ಲಿ ಇಳಿಯುತ್ತಿದ್ದೇನೆ. ತರಬೇತಿಯಲ್ಲಿ ಒಮ್ಮೆ ತಳ ಸೇರುತ್ತಿದ್ದೆ, ಇನ್ನೊಮ್ಮೆ ಮೇಲಕ್ಕೆ ತೇಲುತ್ತಿದ್ದೆ. ಹವಳಕ್ಕೆ ತಾಗಿಬಿಡುವ ಭಯವಿದೆ. ಗ್ಲೌಸ್ ಹಾಕಿಕೊಂಡರೆ ಸಾಕೇ?

ಉತ್ತರ: ಗ್ಲೌಸ್ ಬೇಡ. ಅದು ಕಾಯುವುದು ನಿಮ್ಮ ಕೈಯನ್ನು, ಹವಳವನ್ನಲ್ಲ. ಕೈಗೆ ಗ್ಲೌಸ್ ಇದ್ದರೆ ಏನನ್ನಾದರೂ ಹಿಡಿದುಕೊಳ್ಳುವ ಧೈರ್ಯವೂ ಬರುತ್ತದೆ. ಅದಕ್ಕೇ ಎಷ್ಟೋ ಸಂರಕ್ಷಿತ ಕಡಲ ತಾಣಗಳಲ್ಲಿ ಗ್ಲೌಸ್‌ಗೆ ಅನುಮತಿಯೇ ಇಲ್ಲ.

ಹವಳ ನೋಡಲು ಕಲ್ಲಿನಂತಿದ್ದರೂ ಅದರ ಮೇಲಿರುವುದು ಪಾಲಿಪ್ ಎಂಬ ಪುಟ್ಟ ಜೀವಿಗಳ ಜೀವಂತ ತೆಳು ಪದರ. ಒಮ್ಮೆ ಉಜ್ಜಿದರೂ ಆ ಪದರ ಹರಿಯುತ್ತದೆ. ಗಾಯವಾದ ಜಾಗಕ್ಕೆ ರೋಗ ತಗಲಬಹುದು. ಗುಂಡುಕಲ್ಲಿನಂತೆ ಬೆಳೆಯುವ ಹವಳ ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂ.ಮೀ. ಬೆಳೆಯುತ್ತದೆ. ನಮ್ಮ ಫಿನ್‌ನ (ಈಜಲು ಕಾಲಿಗೆ ತೊಡುವ ರೆಕ್ಕೆ) ಒಂದೇ ಏಟಿಗೆ ಎಷ್ಟು ವರ್ಷದ ಬೆಳವಣಿಗೆ ಹಾಳಾಗಬಹುದು, ಯೋಚಿಸಿ.

ನೀವು ಹೇಳುವ ಮೇಲೆ-ಕೆಳಗಿನ ಓಲಾಟಕ್ಕೆ ಸಾಮಾನ್ಯವಾಗಿ ಕಾರಣ ಒಂದೇ: ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕ ಜಾಸ್ತಿ. ತೂಕ ಜಾಸ್ತಿಯಾದರೆ, ತೇಲಲು ತೊಡುವ ಜಾಕೆಟ್‌ಗೆ ಗಾಳಿಯನ್ನೂ ಜಾಸ್ತಿ ತುಂಬಬೇಕಾಗುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಆ ಗಾಳಿ ಅರ್ಧಕ್ಕೆ ಕುಗ್ಗುತ್ತದೆ, ಮೇಲೆ ಬರುವಾಗ ಮತ್ತೆ ಹಿಗ್ಗುತ್ತದೆ. ಜಾಕೆಟ್‌ನಲ್ಲಿ ಗಾಳಿ ಹೆಚ್ಚಿದ್ದಷ್ಟೂ ಓಲಾಟವೂ ಹೆಚ್ಚು.

ಆದ್ದರಿಂದ ಇಳಿಯುವ ಮೊದಲು ತೂಕ ಪರೀಕ್ಷಿಸಿ. ನೀರಿನ ಮೇಲೆ ನೆಟ್ಟಗೆ ನಿಂತು, ಜಾಕೆಟ್ ಖಾಲಿ ಮಾಡಿ, ಸಹಜವಾಗಿ ಉಸಿರು ತೆಗೆದುಕೊಳ್ಳಿ. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟಾಗ ನಿಧಾನಕ್ಕೆ ಮುಳುಗಬೇಕು. ಡೈವ್ ಮುಗಿಯುವ ಹೊತ್ತಿಗೆ ಗಾಳಿ ಖರ್ಚಾಗಿ ಸಿಲಿಂಡರ್ ಸುಮಾರು 2 ಕೆ.ಜಿ. ಹಗುರಾಗುತ್ತದೆ. ಹಾಗಾಗಿ ಪರೀಕ್ಷೆ ಹೆಚ್ಚು ನಿಖರವಾಗುವುದು ಡೈವ್‌ನ ಕೊನೆಯಲ್ಲಿ. ಇಳಿಯುವ ಮೊದಲು ತುಂಬಿದ ಸಿಲಿಂಡರ್‌ನಲ್ಲಿ ಪರೀಕ್ಷಿಸಿದರೆ ಅಷ್ಟು ತೂಕ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಉಳಿದದ್ದನ್ನು ಶ್ವಾಸಕೋಶಕ್ಕೆ ಬಿಡಿ. ಉಸಿರು ಒಳಗೆ ಎಳೆದರೆ ಮೇಲೆ, ಬಿಟ್ಟರೆ ಕೆಳಗೆ. ಆದರೆ ಪರಿಣಾಮ ಕಾಣಲು ಒಂದೆರಡು ಕ್ಷಣ ಬೇಕು. ಹೊಸಬರು ಅಷ್ಟರಲ್ಲೇ ಗಾಬರಿಯಿಂದ ಜಾಕೆಟ್‌ಗೆ ಗಾಳಿ ತುಂಬುವ ಇಲ್ಲವೇ ಬಿಡುವ ಗುಂಡಿ ಒತ್ತಿಬಿಡುತ್ತಾರೆ. ಸ್ವಲ್ಪ ಕಾಯಿರಿ. ಉಸಿರನ್ನು ಮಾತ್ರ ಎಂದೂ ಹಿಡಿಯಬೇಡಿ. ಉಸಿರು ಹಿಡಿದು ಮೇಲೆ ಬಂದರೆ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟಾಗುತ್ತದೆ.

ಮೈ ಅಡ್ಡಲಾಗಿರಲಿ, ಮೊಣಕಾಲು ಮಡಚಿ ಫಿನ್ ಮೇಲಿರಲಿ. ಕಪ್ಪೆಯ ಹಾಗೆ ಕಾಲು ಬೀಸುವುದು ಇಲ್ಲಿ ಒಳ್ಳೆಯದು. ಕಾಲನ್ನು ಮೇಲೆ-ಕೆಳಗೆ ಬಡಿದರೆ ಮರಳೆದ್ದು ಹವಳದ ಮೇಲೆ ಕೂರುತ್ತದೆ. ಅದನ್ನು ತೊಳೆದುಕೊಳ್ಳಲು ಪಾಲಿಪ್‌ಗಳು ಶಕ್ತಿ ವ್ಯಯಿಸಬೇಕು. ಗೇಜ್ (ಗಾಳಿ ಎಷ್ಟಿದೆ ಎಂದು ತೋರಿಸುವ ಮಾಪಕ), ಹೆಚ್ಚುವರಿ ರೆಗ್ಯುಲೇಟರ್ (ಬಾಯಿಗಿಟ್ಟು ಉಸಿರಾಡುವ ಸಾಧನ) ಜೋತಾಡದಂತೆ ಸಿಕ್ಕಿಸಿಕೊಳ್ಳಿ. ಕ್ಯಾಮೆರಾ ಈ ಸಲ ದೋಣಿಯಲ್ಲೇ ಇರಲಿ. ಬೇಸರವಾಗಬಹುದು, ಆದರೆ ಚಿತ್ರ ತೆಗೆಯುವ ಗಮನದಲ್ಲಿ ಅನುಭವಿಗಳೂ ಹವಳಕ್ಕೆ ಮೊಣಕಾಲು ಊರಿಬಿಡುತ್ತಾರೆ.

ನಿಮ್ಮ ಗೈಡ್‌ಗೆ ಈ ಭಯವನ್ನು ಮೊದಲೇ ಹೇಳಿ. ಮರಳಿನ ಜಾಗದಲ್ಲಿ ಹತ್ತು ನಿಮಿಷ ತೇಲಿ ಅಭ್ಯಾಸ ಮಾಡಿ, ಆಮೇಲೆ ದಿಬ್ಬದ ಕಡೆ ಹೋಗೋಣ ಅನ್ನಿ. ಒಳ್ಳೆಯ ಗೈಡ್ ಖಂಡಿತ ಒಪ್ಪುತ್ತಾರೆ.

ಪ್ರಶ್ನೆ: ಡೈವ್ ಮಾಡಿದ ಸಂಜೆಯೇ ವಿಮಾನ ಹತ್ತಬಹುದೇ?

ಉತ್ತರ: ಬೇಡ. ಆಳದಲ್ಲಿ ಮೈಗೆ ಸೇರಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ವಿಮಾನದೊಳಗೆ ಒತ್ತಡ ಕಡಿಮೆ, ಅಲ್ಲಿ ಅದು ಗುಳ್ಳೆಗಳಾಗಬಹುದು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಕೊನೆಯ ದಿನವನ್ನು ದಡದಲ್ಲಿ ಕಳೆಯುವಂತೆ ಟಿಕೆಟ್ ಬುಕ್ ಮಾಡಿ.