ತಿಳಿ ನೀರು, ಕೊಳಕು ನೀರು: ಸೊಳ್ಳೆಗೆ ಯಾವುದು ಇಷ್ಟ?

ಪ್ರಶ್ನೆ: ಡೆಂಗಿ ಸೊಳ್ಳೆ ಶುದ್ಧ ನೀರಲ್ಲಿ ಮಾತ್ರ ಮೊಟ್ಟೆ ಇಡುತ್ತದೆ ಅಂತಾರೆ. ಹಾಗಾದರೆ ಮೋರಿಯಲ್ಲಿ ಓಡಾಡುವ ಹುಳುಗಳು ಯಾವುದರವು? ಡ್ರಮ್ಮಿನ ನೀರಿಗೆ ಒಂದು ಹಿಡಿ ಉಪ್ಪು ಹಾಕಿದರೆ ಸಾಕಾ?

ಉತ್ತರ: ಮೋರಿಯಲ್ಲಿರುವುದು ಹೆಚ್ಚಾಗಿ ಕ್ಯೂಲೆಕ್ಸ್ ಮರಿಗಳು. ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಟ್ಟಿ ನಿದ್ದೆ ಕೆಡಿಸುತ್ತದಲ್ಲ, ಅದೇ ಸೊಳ್ಳೆ. ಡೆಂಗಿ ಹರಡುವ ಈಡಿಸ್ ಬೇರೆ. ಅದಕ್ಕೆ ತಿಳಿ ನೀರು ಇಷ್ಟ ಅನ್ನುವುದು ಅರ್ಧ ಸತ್ಯ ಅಷ್ಟೇ. ನಮ್ಮ ಕಣ್ಣಿಗೆ ತಿಳಿಯಾಗಿ ಕಂಡ ನೀರಿನಲ್ಲೂ ಬ್ಯಾಕ್ಟೀರಿಯಾ, ಕೊಳೆತ ಎಲೆಯ ಚೂರು ಇರುತ್ತವೆ. ಮರಿಗಳಿಗೆ ಅದೇ ಊಟ. ಹೆಣ್ಣು ಸೊಳ್ಳೆ ಆ ವಾಸನೆ ಹಿಡಿದು ಬರುತ್ತದೆ, ಕಾಲಿನಿಂದ ನೀರನ್ನು ಮುಟ್ಟಿ ರುಚಿಯನ್ನೂ ನೋಡುತ್ತದೆ. ಎಲೆ ನೆನೆದು ಒಂದೆರಡು ವಾರ ಆದ ನೀರು ಈಡಿಸ್‌ಗೆ ಬರಿ ನಲ್ಲಿ ನೀರಿಗಿಂತ ಜಾಸ್ತಿ ಹಿಡಿಸುತ್ತದೆ. ಪೋರ್ಟೊರಿಕೊದಲ್ಲಂತೂ ಸೆಪ್ಟಿಕ್ ಟ್ಯಾಂಕ್‌ಗಳಲ್ಲೇ ಈಡಿಸ್ ಬೆಳೆದದ್ದು ಕಂಡುಬಂದಿದೆ!

ಅಮೋನಿಯಾ ತುಂಬಿದ, ಆಮ್ಲಜನಕ ಇಲ್ಲದ ಮೋರಿ ನೀರಲ್ಲಿ ಕ್ಯೂಲೆಕ್ಸ್ ಮರಿ ಹೇಗೆ ಬದುಕುತ್ತದೆ? ಹತ್ತಿರದಿಂದ ನೋಡಿ: ತಲೆ ಕೆಳಗಾಗಿ ನೇತಾಡುತ್ತಾ, ಬಾಲದ ಕಡೆಯ ಸಣ್ಣ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಗಾಳಿಯಿಂದಲೇ ಉಸಿರಾಡುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕದ ಹಂಗು ಅದಕ್ಕೆ ಅಷ್ಟಾಗಿ ಇಲ್ಲ. ಮರಿಗಳನ್ನು ತಿನ್ನುವ ಬಹುಪಾಲು ಮೀನುಗಳು ಮಾತ್ರ ಅಂಥ ನೀರಲ್ಲಿ ಉಸಿರುಕಟ್ಟಿ ಸಾಯುತ್ತವೆ. ನಾವು ಕೊಳಕು ಮಾಡಿದಷ್ಟೂ ಅದಕ್ಕೆ ಶತ್ರು ಕಡಿಮೆ, ಊಟ ಜಾಸ್ತಿ. ಮಲೇರಿಯಾ ಹರಡುವ ಅನಾಫಿಲಿಸ್ ಹೆಚ್ಚಾಗಿ ಇಂಥ ಗಲೀಜಿನಿಂದ ದೂರ.

ಇನ್ನು ಉಪ್ಪು. 200 ಲೀಟರ್ ಡ್ರಮ್ಮಿಗೆ ಒಂದು ಹಿಡಿ, ಅಂದರೆ ಸುಮಾರು 50 ಗ್ರಾಂ ಹಾಕಿದರೆ ಲೀಟರಿಗೆ ಕಾಲು ಗ್ರಾಂ ಆಯಿತು. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುತ್ತದೆ. ಆ ಕಾಲು ಗ್ರಾಮಿಗೆ ಮರಿ ಕ್ಯಾರೇ ಅನ್ನುವುದಿಲ್ಲ. ಅದರ ಬಾಲದ ತುದಿಯಲ್ಲಿ ಎಲೆಯಂಥ ನಾಲ್ಕು ಪುಟ್ಟ ಅಂಗಗಳಿವೆ, ನೀರಿನಿಂದ ಲವಣ ಹೀರಿಕೊಳ್ಳುವುದು ಅವುಗಳಿಂದಲೇ. ಲವಣ ಕಡಿಮೆ ಇರುವ ನೀರಲ್ಲಿ ಬೆಳೆದರೆ ಅವು ದೊಡ್ಡದಾಗುತ್ತವೆ, ಜಾಸ್ತಿ ಇದ್ದರೆ ಚಿಕ್ಕದಾಗುತ್ತವೆ. ಅಷ್ಟು ಹೊಂದಿಕೊಳ್ಳುವ ಜೀವಿ ಅದು. ಶ್ರೀಲಂಕಾದ ಜಾಫ್ನಾ ಕರಾವಳಿಯಲ್ಲಿ ಉಪ್ಪು ಬೆರೆತ ನೀರಲ್ಲೂ ಈಡಿಸ್ ಮರಿಗಳು ಸಿಕ್ಕಿವೆ. ಕೊಲ್ಲಲೇಬೇಕು ಅಂದರೆ ಕಿಲೋಗಟ್ಟಲೆ ಸುರಿಯಬೇಕು, ಆಮೇಲೆ ಆ ನೀರು ನಿಮಗೂ ಬೇಡ, ಗಿಡಕ್ಕೂ ಬೇಡ.

ಸುಮ್ನೆ ಉಪ್ಪು ದಂಡ ಮಾಡಬೇಡಿ. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಒದ್ದೆ ಗೋಡೆಗೆ. ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಮತ್ತೆ ನೀರು ಮುಟ್ಟಿದ ಕೂಡಲೇ ಒಡೆಯುತ್ತವೆ. ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿ, ಒಳಗೋಡೆಯನ್ನು ಬ್ರಷ್‌ನಿಂದ ಚೆನ್ನಾಗಿ ಉಜ್ಜಿ, ಆಮೇಲೆ ಬಿಗಿಯಾಗಿ ಮುಚ್ಚಿಡಿ.