ಚೌಕಳಿ ರಸ್ತೆಗಳಲ್ಲಿ ನಡೆಯುವವನು ನಡುವಿನ ಒಂದು ವೃತ್ತವನ್ನು (ರಸ್ತೆಗಳು ಕೂಡುವ ಜಾಗವನ್ನು) ಹಾದುಹೋಗುವ ಸಂಭವನೀಯತೆಯನ್ನು ಕಂಡುಹಿಡಿಯುವುದು ಹೇಗೆ?

ಎಲ್ಲ ದಾರಿಗಳೂ ಸಮಾನ ಸಂಭವನೀಯವಾಗಿದ್ದರೆ, ಆ ವೃತ್ತವನ್ನು ಹಾದುಹೋಗುವ ದಾರಿಗಳ ಸಂಖ್ಯೆಯನ್ನು ಒಟ್ಟು ದಾರಿಗಳ ಸಂಖ್ಯೆಯಿಂದ ಭಾಗಿಸಬೇಕು.

ಹಾಸನದ ಯಾವುದಾದರೂ ಬಡಾವಣೆಯಲ್ಲಿ ಅಡ್ಡರಸ್ತೆಗಳೂ ಮುಖ್ಯರಸ್ತೆಗಳೂ ಲಂಬವಾಗಿ ಕೂಡುತ್ತವೆ ಎಂದುಕೊಳ್ಳೋಣ. ಮನೆಯಿಂದ ಹಾಲಿನ ಬೂತಿಗೆ ಪೂರ್ವಕ್ಕೆ 4, ಉತ್ತರಕ್ಕೆ 3 ಹೆಜ್ಜೆ. ಒಂದು ಹೆಜ್ಜೆಯೆಂದರೆ ಒಂದು ವೃತ್ತದಿಂದ ಮುಂದಿನ ವೃತ್ತ. ಹಿಂದಿರುಗುವಂತಿಲ್ಲ. ಒಟ್ಟು 7 ಹೆಜ್ಜೆಗಳಲ್ಲಿ ಉತ್ತರದ 3 ಯಾವುವು ಎಂದು ಆರಿಸಿದರೆ ದಾರಿ ನಿರ್ಧಾರವಾಗಿಬಿಡುತ್ತದೆ; ಆದ್ದರಿಂದ ಒಟ್ಟು (7×6×5)÷(3×2×1) = 35 ದಾರಿಗಳು. ಪೂರ್ವಕ್ಕೆ 2, ಉತ್ತರಕ್ಕೆ 1 ಹೆಜ್ಜೆ ದೂರದ ವೃತ್ತವನ್ನು ತಲುಪಲು 3 ದಾರಿಗಳಿವೆ, ಅಲ್ಲಿಂದ ಬೂತಿಗೆ 6. ಮೊದಲರ್ಧದ ಯಾವ ದಾರಿಯನ್ನಾದರೂ ಉಳಿದರ್ಧದ ಯಾವುದಕ್ಕಾದರೂ ಜೋಡಿಸಬಹುದಾದ್ದರಿಂದ ಗುಣಿಸಿದರೆ 18. ಆದ್ದರಿಂದ ಸಂಭವನೀಯತೆ 18/35.

ಹೆಚ್ಚಿನವರು ಎಡವುವುದು ಇಲ್ಲಿಯೇ: ನಡೆಯುವವನು ಪ್ರತಿ ವೃತ್ತದಲ್ಲೂ ನಾಣ್ಯ ಚಿಮ್ಮಿ ದಿಕ್ಕನ್ನು ಆರಿಸುವುದಾದರೆ ದಾರಿಗಳು ಸಮಾನ ಸಂಭವನೀಯವಾಗಿ ಉಳಿಯುವುದಿಲ್ಲ. ಮೊದಲೇ ಉತ್ತರದ ಅಂಚಿಗೆ ನೇರವಾಗಿ ಹೋದವನಿಗೆ ಮುಂದೆ ಆಯ್ಕೆಯೇ ಇಲ್ಲದಿರುವುದರಿಂದ ಆ ದಾರಿಗೆ ಮೂರೇ ಚಿಮ್ಮುಗೆ ಸಾಕು, ಸಂಭವನೀಯತೆ 1/8. ಮೊದಲು ಪೂರ್ವದ ಅಂಚಿಗೇ ನೇರವಾಗಿ ಹೋಗುವ ದಾರಿಗೆ ನಾಲ್ಕು ಬೇಕು, 1/16. ನಮ್ಮ ವೃತ್ತವನ್ನು ತಲುಪುವ 3 ದಾರಿಗಳಲ್ಲಿ ಪ್ರತಿಯೊಂದಕ್ಕೂ ಮೂರು ಚಿಮ್ಮುಗೆ ಬೇಕಾದ್ದರಿಂದ, ಆಗ ಅದನ್ನು ಹಾದುಹೋಗುವ ಸಂಭವನೀಯತೆ 3 × 1/8 = 3/8 ಮಾತ್ರ. ದಿಕ್ಕನ್ನು ಆರಿಸುವ ಬಗೆಯನ್ನು ಹೇಳದ ಪ್ರಶ್ನೆ, ನನ್ನ ಮಟ್ಟಿಗೆ, ಅಪೂರ್ಣ ಪ್ರಶ್ನೆ.